ಕಪ್ಪು ಬಾವುಟದ ಪರೀಕ್ಷೆ

ಹಿಮಬೆಟ್ಟದ ನೆತ್ತಿಯಲ್ಲಿ ಕಲಿಯುವವರ ಇಳಿಜಾರಿಗೆ ಹಸಿರು ಬಾವುಟ, ಪಳಗಿದವರ ಕಡಿದಾದ ಇಳಿಜಾರಿಗೆ ಕಪ್ಪು ಬಾವುಟ ಕಾವಲಿದ್ದವು. ಹಿಮದ ಮೇಲೆ ಜಾರುವ ಹೊಸ ಸ್ಕೀ ಹಲಗೆಯೊಂದು ನೇರ ಕಪ್ಪು ಬಾವುಟದ ಬಳಿಗೆ ಬಂತು.

"ದಾರಿ ಬಿಡಿ ಸ್ವಾಮಿ. ನನ್ನಷ್ಟು ವೇಗ ಯಾರಿಗಿದೆ?"

"ವೇಗವನ್ನು ಬೆಟ್ಟವೇ ಕೊಡುತ್ತದೆ. ನೀನು ಬೇಕೆಂದಲ್ಲಿ ನಿಲ್ಲಬಲ್ಲೆಯಾ? ಮೊದಲು ಹಸಿರಿನಲ್ಲಿ ನಿಂತು ತೋರಿಸು."

"ಅದು ಮಕ್ಕಳಾಟ!" ಎಂದು ಗೊಣಗುತ್ತ ಹಲಗೆ ಹಸಿರು ಇಳಿಜಾರಿಗೆ ಹೊರಟಿತು. ನಿಲ್ಲಲಾಗದೆ ಜಾರಿ, ತಳದ ಮೆತ್ತನೆಯ ಹಿಮದಲ್ಲಿ ಹೂತುಹೋಯಿತು. ಎದ್ದು ಕಪ್ಪು ಇಳಿಜಾರಿನ ತಳ ನೋಡಿದರೆ, ಅಲ್ಲಿ ಬರೀ ಬಂಡೆ.

ಚಳಿಗಾಲವಿಡೀ ಅದು ಹಸಿರಿನಲ್ಲೇ ನಿಲ್ಲುವುದನ್ನು ಕಲಿಯಿತು. ಅಪ್ಪಣೆ ಪಡೆದು ಕಪ್ಪು ಇಳಿಜಾರಿಗಿಳಿದ ದಿನ, ನಟ್ಟನಡುವೆ ಗಕ್ಕನೆ ನಿಂತಿತು.

"ಏಕೆ ನಿಂತೆ? ಭಯವೇ?" ಎಂದು ಮೇಲಿನಿಂದ ಕಪ್ಪು ಬಾವುಟ ಕೂಗಿ ಕೇಳಿತು.

"ಇಲ್ಲ ಸ್ವಾಮಿ. ಅಂದು ನೀವು ತಡೆದಿರಿ, ನಾನು ಇಡಿಯಾಗಿ ಉಳಿದೆ. ನಮಸ್ಕಾರ ಹೇಳಿ ಮುಂದೆ ಹೋಗೋಣವೆಂದು ನಿಂತೆ."