ಅರ್ಧ ಬೆರಳಿನ ಅಂಚು

“ಗುರುಗಳೇ, ಬೆಳಗಿನ ಪಾಠವನ್ನು ನಾನು ಒಂದು ದಿನವೂ ತಪ್ಪಿಸಿಲ್ಲ. ತಾವು ಹೇಳಿದ್ದನ್ನು ಅಕ್ಷರ ಬಿಡದೆ ಒಪ್ಪಿಸುತ್ತೇನೆ. ಎದುರು ಪ್ರಶ್ನೆ ಕೇಳಿದವನೂ ಅಲ್ಲ. ಆದರೂ ತಮ್ಮ ಮಾತು ನನ್ನೊಳಗೆ ಇಳಿಯುವುದಿಲ್ಲ. ಏಕೆ?”

ಕೇಳಿದವನು ಪಂಚಾಕ್ಷರಿ, ಮಠದಲ್ಲಿ ಎಲ್ಲರಿಗಿಂತ ಶಿಸ್ತಿನ ಶಿಷ್ಯ. ಪಾಠದ ನಡುವೆ ತೂಕಡಿಸುವವರೂ ಬದಲಾಗುತ್ತಿದ್ದಾರೆ, ತಾನು ಮಾತ್ರ ಬಂದ ಹಾಗೆಯೇ ಇದ್ದೇನೆ ಎಂಬ ಸಂಕಟ ಅವನಿಗೆ. ಇದಕ್ಕೆ ಉತ್ತರ ಸಿಗದಿದ್ದರೆ ಮಠ ಬಿಟ್ಟು ಹೋಗುವುದೆಂದು ಬಟ್ಟೆಯ ಗಂಟನ್ನೂ ಕಟ್ಟಿಟ್ಟಿದ್ದ.

ದಿನವೂ ಪತ್ರಿಕೆ ಓದುತ್ತೀಯಲ್ಲ, ಅದರ ಹೊಟ್ಟೆಯೊಳಗೆ ಪುರವಣಿ ಹೇಗೆ ಹೋಗುತ್ತದೆ ಗೊತ್ತೇ ಎಂದು ಗುರುಗಳು ಕೇಳಿದರು. ಯಾರೋ ಕೈಯಿಂದ ಇಡುತ್ತಾರೆ ಎಂದ ಅವನು. ಈಗೀಗ ಯಂತ್ರ ಇಡುತ್ತದೆ, ಆದರೆ ಅದಕ್ಕೂ ಒಂದು ಕಷ್ಟವಿದೆ, ಕೇಳು ಎಂದು ಗುರುಗಳು ಶುರು ಮಾಡಿದರು.

ಒಂದು ಊರಿನಲ್ಲಿ ಪತ್ರಿಕೆಯ ಮುದ್ರಣಾಲಯ. ಅಲ್ಲಿ ಒಬ್ಬ ಮಡಿಕೆಯವನು, ಅಂದರೆ ಅಚ್ಚಾಗಿ ಬಂದ ಹಾಳೆಗಳನ್ನು ಮಡಚುವ ಯಂತ್ರ ನೋಡಿಕೊಳ್ಳುವವನು. ಪಕ್ಕದ ಕೋಣೆಯಲ್ಲಿ ಒಬ್ಬ ಹೆಂಗಸು, ಮಡಚಿ ಬಂದ ಪತ್ರಿಕೆಯೊಳಗೆ ಪುರವಣಿ ಸೇರಿಸುವ ಯಂತ್ರ ನಡೆಸುವವಳು. ಮೊದಲು ಅವಳು ನೆಲದ ಮೇಲೆ ಕೂತು ಕೈಯಿಂದಲೇ ಸೇರಿಸುತ್ತಿದ್ದಳು. ಚುರುಕು ಕಂಡು ಯಜಮಾನ ಯಂತ್ರದ ಕೆಲಸ ಕೊಟ್ಟಿದ್ದ. ಕೈಲಾಗದಿದ್ದರೆ ಮತ್ತೆ ನೆಲವೇ ಗತಿ ಎಂದೂ ಹೇಳಿದ್ದ.

ಮಡಿಕೆಯವನು ಹೊಸಬ. ಬಲು ಅಚ್ಚುಕಟ್ಟಿನ ಮನುಷ್ಯ, ನಿನ್ನ ಹಾಗೆ. ಅಲ್ಲಿ ಮಡಚಿ ಬರುವ ಪತ್ರಿಕೆಯ ಒಂದು ಅಂಚು ಇನ್ನೊಂದಕ್ಕಿಂತ ಅರ್ಧ ಬೆರಳು ಹೊರಗೆ ಚಾಚಿರುತ್ತಿತ್ತು. ಅದು ಅವನ ಕಣ್ಣಿಗೆ ಚುಚ್ಚುತ್ತಿತ್ತು. ಹಿಂದಿದ್ದವನ ಸೋಮಾರಿತನವೆಂದು ಬಗೆದ. ಯಾರನ್ನೂ ಕೇಳಲಿಲ್ಲ. ಒಂದು ಮಧ್ಯಾಹ್ನ ತಿರುಪು ತಿರುಗಿಸಿ ಎರಡು ಅಂಚನ್ನೂ ಸಮ ಮಾಡಿದ. ನೋಡಿದವರು ಭೇಷ್ ಎನ್ನಬೇಕು, ಹಾಗೆ ಬಂದವು ಪತ್ರಿಕೆಗಳು.

ಪಕ್ಕದ ಕೋಣೆಯ ಯಂತ್ರ ಪುರವಣಿಗಳನ್ನು ನೆಲಕ್ಕೆ ಚೆಲ್ಲತೊಡಗಿತು. ಪತ್ರಿಕೆ ಬರುತ್ತಿತ್ತು, ಬಾಯಿ ತೆರೆಯುತ್ತಿರಲಿಲ್ಲ, ಪುರವಣಿ ಅದರ ಮೈ ಸವರಿಕೊಂಡು ಕೆಳಗೆ ಬೀಳುತ್ತಿತ್ತು. ಹೆಂಗಸು ಹೆದರಿದಳು. ತನ್ನ ಯಂತ್ರದ್ದೇ ದೋಷವೆಂದು ಅದನ್ನು ಒರೆಸಿದಳು, ಹಿಡಿಕೆಗಳನ್ನು ಬಿಗಿ ಮಾಡಿದಳು, ವೇಗ ಇಳಿಸಿದಳು. ಏನೂ ಪ್ರಯೋಜನವಾಗಲಿಲ್ಲ. ಹೊರಗೆ ಲಾರಿಗಳು ಕಾಯುತ್ತಿದ್ದವು. ಯಜಮಾನ ಬಾಗಿಲಿಗೆ ಬಂದು, ಲಾರಿ ಹೊರಡುವುದರೊಳಗೆ ಸರಿಹೋಗದಿದ್ದರೆ ನಾಳೆಯಿಂದ ನಿನ್ನ ಹಳೆಯ ಜಾಗದಲ್ಲಿ ಕೂರು ಎಂದು ಹೇಳಿ ಹೋದ.

ಅವಳಿಗೆ ಅಳು ಬಂತು. ಆದರೆ ಅಳುವಿಗಿಂತ ಕುತೂಹಲ ದೊಡ್ಡದಿತ್ತು. ಇದು ಬಾಯಿ ಏಕೆ ಬಿಡುವುದಿಲ್ಲ ಎಂದು ಒಂದು ಪತ್ರಿಕೆ ತೆಗೆದುಕೊಂಡು ತಾನೇ ಬಿಡಿಸಲು ಹೋದಳು. ಬೆರಳು ಜಾರಿತು. ಉಗುರು ಹಾಕಬೇಕಾಯಿತು. ಹಿಂದಿನ ದಿನದ ಪತ್ರಿಕೆಯೊಂದನ್ನು ಹುಡುಕಿ ತಂದಳು. ಅದು ಮುಟ್ಟಿದ ಕೂಡಲೇ ತೆರೆದುಕೊಂಡಿತು. ಎರಡನ್ನೂ ಹಿಡಿದು ಮಡಿಕೆಯವನ ಹತ್ತಿರ ಹೋಗಿ, ಪತ್ರಿಕೆಯಲ್ಲೇ ಏನೋ ಆಗಿದೆ ಎಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವನು ನಕ್ಕ.

“ನೋಡಮ್ಮಾ, ಎಷ್ಟು ಚೆನ್ನಾಗಿ ಬಂದಿದೆ. ಇಷ್ಟು ದಿನ ಒಂದು ಅಂಚು ಉಬ್ಬುಹಲ್ಲಿನ ಹಾಗೆ ಹೊರಗೆ ಬಂದಿರ್ತಿತ್ತು. ನಾನೇ ಸರಿ ಮಾಡಿದ್ದೀನಿ.”

“ಅಣ್ಣಾ, ಆ ಉಬ್ಬುಹಲ್ಲು ಹಿಡಿದೇ ನನ್ನ ಮಷೀನು ಅದರ ಬಾಯಿ ಬಿಡಿಸ್ತಿತ್ತು.”

ಅವನು ಒಪ್ಪುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಕೊನೆಗೆ ತಿರುಪನ್ನು ಹಿಂದಕ್ಕೆ ತಿರುಗಿಸಿದ. ಅಂಚು ಚಾಚಿತು, ಯಂತ್ರ ಅದನ್ನು ಹಿಡಿಯಿತು, ಪುರವಣಿ ಒಳಗೆ ಹೋಯಿತು. ಆಗಲೇ ಸಮವಾಗಿ ಮಡಚಿಟ್ಟಿದ್ದ ರಾಶಿಯನ್ನು ಕೈಯಿಂದಲೇ ಬಿಡಿಸಬೇಕಾಗಿತ್ತು. ಮಡಿಕೆಯವನೂ ಎಲ್ಲರ ಜೊತೆ ನೆಲದ ಮೇಲೆ ಕೂತು ಉಗುರು ನೋಯುವಷ್ಟು ಬಿಡಿಸಿದ. ಲಾರಿಗಳು ಹೊರಟವು. ಹೆಂಗಸಿನ ಕೆಲಸ ಉಳಿಯಿತು.

ಗುರುಗಳು ಕತೆ ಮುಗಿಸಿ, ಏನಾದರೂ ಕೇಳುವುದಿದೆಯೇ ಎಂದರು.

ಪಂಚಾಕ್ಷರಿ ಬೆನ್ನು ನೆಟ್ಟಗೆ ಮಾಡಿ ಕೈಮುಗಿದ. “ಎಲ್ಲ ಅರ್ಥವಾಯಿತು, ಗುರುಗಳೇ. ಕೇಳುವುದಕ್ಕೆ ಏನೂ ಉಳಿದಿಲ್ಲ.”

“ನೋಡು, ಮತ್ತೆ ಅಂಚು ಸಮ ಮಾಡಿಬಿಟ್ಟೆ” ಎಂದರು ಗುರುಗಳು.