ಪಾರವ್ವನ ಗಿರಣಿಯಲ್ಲಿ ಗುದ್ಲೆಪ್ಪನ ಉಪಚಾರ

ಯಾವ ಊರಾದರೂ ಆಗಲಿ, ಅಲ್ಲೊಂದು ಹಿಟ್ಟಿನ ಗಿರಣಿ ಇತ್ತು ಅನ್ನಿ. ಗಿರಣಿಗೆ ಒಡತಿ ಪಾರವ್ವ, ಪಾರವ್ವನಿಗೆ ಒಬ್ಬನೇ ಮಗ ಗುದ್ಲೆಪ್ಪ. ಆಳು ಬಾಗಿಲಷ್ಟು ಎತ್ತರ, ಮೀಸೆ ಬೇರೆ ಬಂದಿದೆ, ಬುದ್ಧಿ ಮಾತ್ರ ಬರುವ ದಾರಿಯಲ್ಲೇ ಎಲ್ಲೋ ಕೂತುಬಿಟ್ಟಿದೆ. ಹೇಳಿದ್ದನ್ನು ಮಾಡುತ್ತಾನೆ, ಹೇಳಿದಷ್ಟನ್ನೇ ಮಾಡುತ್ತಾನೆ. ಅವ್ವನ ಗೋಳು ಅದೇ.

ಊರಿನ ಹರೆಯದವರೆಲ್ಲ ಪ್ಯಾಕೆಟ್ ಹಿಟ್ಟಿಗೆ ಒಗ್ಗಿಕೊಂಡಿದ್ದರು. ಜೋಳ ಹಸನು ಮಾಡಿ ಬೀಸಲು ತರುತ್ತಿದ್ದವರು ಅಜ್ಜ ಅಜ್ಜಿಯರು ಮಾತ್ರ. ಪಾಳಿಯಲ್ಲಿ ನಿಂತು ನಿಂತು ಕಾಲು ಸೋತು ಅವರೂ ಕಡಿಮೆಯಾಗುತ್ತಿದ್ದರು. ಅವರೂ ಬಿಟ್ಟರೆ ಗಿರಣಿ ಮುಚ್ಚಿದಂತೆಯೇ ಎಂದು ಪಾರವ್ವನಿಗೆ ಸಂಕಟ. ಅಂಥ ಹೊತ್ತಲ್ಲೇ ಅವಳ ಮೊಣಕಾಲು ಹಿಡಿದುಕೊಂಡಿತು, ಗಿರಣಿಗೆ ಮಗನನ್ನು ಕಳಿಸದೆ ವಿಧಿಯಿರಲಿಲ್ಲ.

"ವಯಸ್ಸಾದವರು ಬಂದ್ರ ನಿಂದರಸಬ್ಯಾಡಪಾ," ಎಂದು ಹೇಳಿ ಕಳಿಸಿದಳು.

ಗೌರಜ್ಜಿ ಬಂದು ಬುಟ್ಟಿ ಇಳಿಸಿದಳೋ ಇಲ್ಲವೋ, ಗುದ್ಲೆಪ್ಪ ಓಡಿ ಬಂದ. ನಿಂದ್ರಬ್ಯಾಡ ಅಜ್ಜಿ, ನಡಿ ಅಂದ. ಅಜ್ಜಿ ನಿಂತರೆ ನಡಿ, ಮತ್ತೆ ನಿಂತರೆ ನಡಿ. ಒಳಗೆ ಕಲ್ಲು ತಿರುಗಿದಷ್ಟು ಹೊತ್ತೂ ಹೊರಗೆ ಅಜ್ಜಿ ಗಿರಣಿಯ ಸುತ್ತ ತಿರುಗಿದಳು.

ಪಾರವ್ವ ಹಣೆ ಹಣೆ ಬಡಿದುಕೊಂಡಳು. ನಿಂದರಸಬ್ಯಾಡ ಅಂದರೆ ಚಾಪೆ ಹಾಸಿ ಕೂಡಿಸು ಅಂತ ಅರ್ಥ, ಅವರ ತಲೆ ಮೇಲೆ ಭಾರ ಹೊರಿಸಬೇಡ, ಹಿಟ್ಟನ್ನು ನೀನೇ ಮನೆಗೆ ಮುಟ್ಟಿಸಿ ಬಾ ಎಂದು ಬಿಡಿಸಿ ಬಿಡಿಸಿ ಹೇಳಿದಳು.

ಮರುದಿನ ಕೊಟ್ರಜ್ಜ ಬಂದ. ಗುದ್ಲೆಪ್ಪ ಚಾಪೆ ಹಾಸಿ ಕೂಡಿಸಿದ. ಹಿಟ್ಟಿನ ಡಬ್ಬಿ ಹೊತ್ತು ಅಜ್ಜನ ಮನೆಗೆ ಓಡಿದ, ಡಬ್ಬಿಯನ್ನು ಗೋಡೆಗೆ ಮುಟ್ಟಿಸಿದ, ಹೊತ್ತುಕೊಂಡು ವಾಪಸು ಬಂದ. ಮುಟ್ಟಿಸೀನಿ ಅಜ್ಜಾ ಅಂದ. ಮನೆಯೊಳಗೆ ಒಲೆ ಹೊತ್ತಿಸಿ ಕೂತಿದ್ದ ಅಜ್ಜನ ಹೆಂಡತಿಗೆ ಅತ್ತ ಹಿಟ್ಟೂ ಇಲ್ಲ, ಇತ್ತ ರೊಟ್ಟಿಯೂ ಇಲ್ಲ.

"ಮುಟ್ಟಿಸೂದಂದ್ರ ಕೈಯಾಗ ಕೊಡೂದೋ ಮಾರಾಯ," ಅಂದಳು ಪಾರವ್ವ. "ನಮ್ಮ ಹೊಟ್ಟಿ ತುಂಬ್ಸಿದವರು ಅವರ. ಅವರ ಕೈ ಬಿಡಬ್ಯಾಡ."

ಆಮೇಲೆ ಬಂದವನು ಒಂಟಿ ಮುದುಕ ಬೂದೆಜ್ಜ. ಗುದ್ಲೆಪ್ಪ ಅವನ ಕೈ ಹಿಡಿದ, ಹಿಡಿದವನು ಬಿಡಲಿಲ್ಲ. ಅಜ್ಜನಿಗೆ ಬೀಡಿ ಹಚ್ಚಲಾಗಲಿಲ್ಲ, ಗಿರಣಿ ಚಾಲೂ ಮಾಡುವವರಿಲ್ಲ. ಉಳಿದವರು ಕಾದು ಕಾದು ಬೈಯುತ್ತ ಎದ್ದು ಹೋದರು. ಬೂದೆಜ್ಜ ಮಾತ್ರ ಬೈಯಲಿಲ್ಲ. ಮುದುಕಿ ಹೋದ ಮೇಲೆ ಈ ಕೈಯನ್ನು ಯಾರೂ ಹಿಡಿದಿರಲಿಲ್ಲ ಎಂದಷ್ಟೇ ಅಂದ.

ಸುದ್ದಿ ಕೇಳಿ ಪಾರವ್ವನಿಗೆ ಬೈಯುವ ಶಕ್ತಿಯೂ ಉಳಿಯಲಿಲ್ಲ, ಅತ್ತುಬಿಟ್ಟಳು. ನಾಳೆ ಯಾರೂ ಬರುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು. ಯಾರಾದರೂ ಬಂದರೆ, ಇದು ನಿಮ್ಮದೇ ಗಿರಣಿ ಅಂತ ತಿಳಿದುಕೊಳ್ಳಿ ಅನ್ನು, ಬೇರೇನೂ ಮಾಡಬೇಡ ಅಂದಳು.

ಬೆಳಗ್ಗೆ ಮುದುಕರೆಲ್ಲ ಬೀಸದೆ ಉಳಿದ ಜೋಳದ ಬುಟ್ಟಿ ಹೊತ್ತು ಒಟ್ಟಾಗಿ ಜಗಳಕ್ಕೇ ಬಂದರು. ಗುದ್ಲೆಪ್ಪ ಹೇಳಿಕೊಟ್ಟ ಮಾತು ಹೇಳಿದ, ಬೀಗದ ಕೈಯನ್ನು ಗೌರಜ್ಜಿಯ ಕೈಯಲ್ಲಿಟ್ಟ, ಮನೆಗೆ ಬಂದು ಗಿರಣಿ ಈಗ ಅವರದು ಎಂದು ಅವ್ವನಿಗೆ ತಿಳಿಸಿ ಮಲಗಿದ.

ಪಾರವ್ವ ಅವನನ್ನು ಎಬ್ಬಿಸಿ, ಅವನ ಹೆಗಲ ಮೇಲೆ ಕೈಯಿಟ್ಟು, ಕುಂಟುತ್ತ ಗಿರಣಿಗೆ ಬಂದಳು. ಗೌರಜ್ಜಿ ಜೋಳ ಸುರಿಯುತ್ತಿದ್ದಳು, ಬೂದೆಜ್ಜ ಹಿಟ್ಟು ತೂಗುತ್ತಿದ್ದ. ತಕ್ಕಡಿಯನ್ನು ಬಗ್ಗದೆ ಕೈಗೆ ಸಿಗುವಷ್ಟು ಎತ್ತರಕ್ಕೆ ಕಟ್ಟಿದ್ದರು. ಎತ್ತಲಾಗದ ಬುಟ್ಟಿಗೆ ಇಬ್ಬರು ಕೈಹಚ್ಚುತ್ತಿದ್ದರು, ಉಳಿದವರು ಕೂತು ಹರಟುತ್ತಿದ್ದರು. ಪಾಳಿಗೆ ನಿಂತವರು ಯಾರೂ ಇರಲಿಲ್ಲ.

"ಯಾಕ ನಿಂತಿ ಪಾರವ್ವ? ನಿನಗೂ ವಯಸ್ಸಾತು, ಕೂಡು," ಅಂದಳು ಗೌರಜ್ಜಿ. "ಇದನ್ನ ಬಿಟ್ಟು ನಾವ್ ಎಲ್ಲಿ ಹೋಗೂಣು?"

ಪಾರವ್ವನ ಕಣ್ಣು ತುಂಬಿ ಬಂತು. ತನ್ನ ಗಿರಣಿಯಲ್ಲಿ ಅವಳು ಹಾಗೆ ಕೂತದ್ದೇ ಇರಲಿಲ್ಲ. ಮುದುಕರ ನಡುವೆ ಜಾಗ ಮಾಡಿಕೊಂಡು ಚಾಪೆಯ ಮೇಲೆ ಕೂತಳು.

ಗುದ್ಲೆಪ್ಪ ನೋಡಿದ. ಚಾಪೆಯ ಮೇಲೆ ಇನ್ನೊಬ್ಬರು ವಯಸ್ಸಾದವರು ಬಂದು ಕೂತಿದ್ದಾರೆ. ಮುಂದೆ ಬಂದು ಕೈ ಮುಗಿದ.

"ಅವ್ವಾರ, ಇದು ನಿಮ್ಮದ ಗಿರಣಿ ಅಂತ ತಿಳ್ಕೊರಿ," ಅಂದ.