ಬಾಗಿಲು ಬರೆಯದ ಗೌಂಡಿ

ಒಂದು ಊರಿತ್ತು ಅಂತ ಇಟ್ಟುಕೊಳ್ಳಿ. ಇರಲಿಲ್ಲ ಅಂದರೂ ನನ್ನದೇನೂ ತಕರಾರಿಲ್ಲ, ಆದರೆ ಆಗ ಕತೆಯೂ ಇರುವುದಿಲ್ಲ, ನೀವು ಎದ್ದು ಹೋಗಬೇಕಾಗುತ್ತದೆ. ಅದಕ್ಕೇ ಇತ್ತು ಅಂತಲೇ ಇಟ್ಟುಕೊಳ್ಳಿ.

ಆ ಊರಿಗೊಬ್ಬ ದೊರೆ. ಹೆಸರು ಸೂತ್ರಸೇನ. ಸೊಟ್ಟಗಿರುವ ಯಾವುದನ್ನು ಕಂಡರೂ ಅವನಿಗೆ ಆಗುತ್ತಿರಲಿಲ್ಲ. ಬಾಳೆಹಣ್ಣನ್ನು ಹಲಗೆಗಳ ನಡುವೆ ಒತ್ತಿ ನೇರ ಮಾಡಿ ತಂದರೆ ತಿನ್ನುತ್ತಿದ್ದ. ಜಿಲೇಬಿ ಮಾಡಿದವನನ್ನು ಊರು ಬಿಟ್ಟು ಓಡಿಸಿದ್ದ. ಇಂಥ ದೊರೆ ಒಂದು ದಿನ ಕಂಪ್ಯೂಟರ್ ತರಿಸಿದ. ಅದರೊಳಗೆ ಮನೆ ಕಟ್ಟುವ ತಂತ್ರಾಂಶ. ಗೆರೆ ಎಳೆದರೆ ಗೋಡೆ ಏಳುತ್ತದೆ, ಚೌಕ ಬರೆದು ಮೇಲಕ್ಕೆತ್ತಿದರೆ ಮನೆಯಾಗುತ್ತದೆ. ದೊರೆಗೆ ನೋಡನೋಡುತ್ತಲೇ ಕಣ್ಣಲ್ಲಿ ನೀರು ಬಂತು.

"ನನ್ನ ಊರಲ್ಲಿ ಇಷ್ಟು ನೆಟ್ಟಗೆ ಏನೂ ಇಲ್ಲವಲ್ಲ!" ಅಂದ. ಡಂಗುರ ಹೊಡೆಸಿದ. "ಇಡೀ ಊರನ್ನು ಇದರೊಳಗೆ ಬರೆಯತಕ್ಕದ್ದು. ಬರೆದ ಮೇಲೆ ಊರು ನಕ್ಷೆಯಂತೆ ಇರತಕ್ಕದ್ದು. ಕಣ್ಣಿಗೆ ವ್ಯತ್ಯಾಸ ಕಂಡಲ್ಲಿ ಊರನ್ನು ತಿದ್ದತಕ್ಕದ್ದು."

ಬರೆಯುವವರು ಯಾರು? ಊರಿಗಿದ್ದವನು ಒಬ್ಬನೇ ಗೌಂಡಿ, ಹುಚ್ಚೀರಪ್ಪ. ನೆಲದ ಮೇಲೆ ದಾರ ಕಟ್ಟಿ, ಸುಣ್ಣದ ಪುಡಿ ಉದುರಿಸಿ ಮನೆ ಗುರುತು ಮಾಡುತ್ತಿದ್ದ ಮುದುಕ. ಅವನ ಕೈಗೆ ಮೌಸು ಕೊಟ್ಟು, "ಒಂದು ತಿಂಗಳಲ್ಲಿ ಕಲಿ" ಅಂದರು.

ಕಂಪ್ಯೂಟರೇ ಮೇಷ್ಟರಾಯಿತು. ಅದು ಮಾತಾಡುತ್ತಿತ್ತು. ಮಾತು ಅಂದರೆ ಬೈಗುಳ.

"ಗೋಡೆ ಎಷ್ಟು ದಪ್ಪ?"

"ಒಂದೂವರೆ."

"ಒಂದೂವರೆ ಏನು? ಅಡಿಯೋ, ಮೊಳವೋ, ಮೈಲಿಯೋ? ಹೇಳದಿದ್ದರೆ ನಾನು ಮಿಲಿಮೀಟರ್ ಅಂತಲೇ ತಿಳಿಯುವವನು. ಅಂಕಿ ಆದ ಮೇಲೆ ಅಡಿ ಅಂತ ಒತ್ತು!"

ಹುಚ್ಚೀರಪ್ಪ ಒತ್ತಿದ. ಗೋಡೆ ಎದ್ದಿತು. ಅದನ್ನು ಸುತ್ತ ತಿರುಗಿಸಿ ನೋಡು ಅಂದಿತು ಯಂತ್ರ. ತಿರುಗಿಸಿದ, ತಿರುಗಿಸಿದ, ಕೈ ತಪ್ಪಿ ಊರಿನ ಅಡಿಗೇ ಹೋಗಿಬಿಟ್ಟ. ತಲೆ ಸುತ್ತಿ ಅಲ್ಲೇ ವಾಂತಿ ಮಾಡಿಕೊಂಡ. ಹೀಗೆ ಬಿದ್ದು ಎದ್ದು ತಿಂಗಳಿಗೆ ಕಲಿತೇ ಬಿಟ್ಟ. ಇದ್ದ ಊರನ್ನು ಇದ್ದಂತೆ ಬರೆದ. ಬಾವಿ ಬರೆದ, ಕಟ್ಟೆ ಬರೆದ, ಮನೆಮನೆ ಬರೆದ. ಯಂತ್ರದ ಉಗ್ರಾಣದಲ್ಲಿ ಮನುಷ್ಯರ ಬೊಂಬೆಗಳೂ ಇದ್ದವು. ತಲೆಗೊಂದರಂತೆ ತೆಗೆದು, ಯಾರು ಎಲ್ಲಿದ್ದರೋ ಅಲ್ಲಿ ಇಟ್ಟ. ದೊರೆಯದು ಮಾತ್ರ ಇಡಲಿಲ್ಲ. "ನಕ್ಷೆ ನೋಡುವವನು ನಕ್ಷೆಯೊಳಗೆ ಇರುವುದುಂಟೇನಯ್ಯಾ?" ಅಂತ ದೊರೆ ಗದರಿದ್ದ.

ಕೊನೆಗೆ ಮಗಳು ಸುಂಕವ್ವನ ಮನೆ ಬರೆದ. ಗಂಡ ಸತ್ತ ಮಗಳಿಗೆ ಅಂತ ತಾನೇ ಕಟ್ಟಿದ ಹೊಸ ಮನೆ. ಗೋಡೆ ಎದ್ದಿತ್ತು, ತಾರಸಿ ಬಿದ್ದಿತ್ತು, ಬಾಗಿಲು ಕಿಟಕಿಗಳ ಚೌಕಟ್ಟು ಮಾತ್ರ ಶುಕ್ರವಾರ ಬರುವುದಿತ್ತು. ಅವಳು ಆಗಲೇ ಒಳಗೆ ಸೇರಿಕೊಂಡು, ಖಾಲಿ ಸಂದಿಗಳಿಗೆ ಚಾಪೆ ಇಳಿಬಿಟ್ಟು, ಮೆಣಸಿನಕಾಯಿ ಕುಟ್ಟುತ್ತಿದ್ದಳು. ಚೌಕಟ್ಟು ನಿಲ್ಲಿಸುವುದೆಂದರೆ ಸುಮ್ಮನೆಯೇ? ಅರಿಶಿನ ಹಚ್ಚಬೇಕು, ಮಾವಿನೆಲೆ ಕಟ್ಟಬೇಕು, ಕಾಯಿ ಒಡೆಯಬೇಕು. ಅದಕ್ಕೂ ಮುಂಚೆ ಬಾಗಿಲು ಅನ್ನುವ ಮಾತನ್ನೂ ಗೌಂಡಿಗಳು ಆಡುವುದಿಲ್ಲ. "ಪೂಜೆ ಆಗದ್ದನ್ನ ನಾ ಹ್ಯಾಂಗ ಬರೀಲಿ? ಶುಕ್ರವಾರ ಬರದರಾತು" ಅಂದುಕೊಂಡ. ನಾಲ್ಕೂ ಕಡೆ ಗೋಡೆಯನ್ನು ಒಂದೇ ಸಮ ಎಳೆದ. ಒಳಗೆ ಮಗಳ ಬೊಂಬೆ ಇಟ್ಟ.

ದೊರೆ ಗುರುವಾರವೇ ಸಿಪಾಯಿಗಳನ್ನು ಕಳಿಸಿದ.

ಅವರು ನಕ್ಷೆ ನೋಡಿದರು, ಮನೆ ನೋಡಿದರು. ನಕ್ಷೆಯಲ್ಲಿ ಸಂದಿ ಇಲ್ಲ. ಚಾಪೆ ಕಿತ್ತು ಇಟ್ಟಿಗೆ ಜೋಡಿಸಿದರು. ಒಳಗಿನಿಂದ ಸುಂಕವ್ವ ಕೂಗಿದಳು, "ಅಯ್ಯಯ್ಯೋ, ನಾ ಒಳಗದೀನ್ರೋ!"

"ಗೊತ್ತವ್ವಾ, ನಕ್ಷೆಯಲ್ಲೂ ಒಳಗೇ ಇದ್ದೀ" ಅಂದರು ಸಿಪಾಯಿಗಳು.

ಸುದ್ದಿ ಕೇಳಿ ಹುಚ್ಚೀರಪ್ಪ ಬಿದ್ದಂಬೀಳ ಅರಮನೆಗೆ ಓಡಿದ. ಇನ್ನು ಯಾರೂ ಗೆರೆ ತಿದ್ದದಂತೆ ದೊರೆ ನಕ್ಷೆಗೆ ಬೀಗ ಹಾಕಲು ಕೂತಿದ್ದ, ಮುಂದೆ ಕರ್ಪೂರ ಉರಿಯುತ್ತಿತ್ತು. ಮುದುಕ ಕಾಲಿಗೆ ಬಿದ್ದ. "ಕರ್ಪೂರ ಆರುವವರೆಗೆ ಒಂದು ತಿದ್ದುಪಡಿಗೆ ಅವಕಾಶ" ಅಂದ ದೊರೆ.

"ಬಾಗಿಲು!" ಅಂದ ಹುಚ್ಚೀರಪ್ಪ.

"ಅಗಲ?" ಅಂತು ಯಂತ್ರ. ನಾಲ್ಕು ಒತ್ತಿದ. "ಎತ್ತರ?" ಏಳು ಒತ್ತಿದ. ಕಣ್ಣು ಕರ್ಪೂರದ ಮೇಲೇ ಇತ್ತು. ಕರ್ಪೂರ ಆರಿತು. ಬೀಗ ಬಿತ್ತು.

ಅಡಿ ಅಂತ ಒತ್ತುವುದನ್ನು ಮರೆತಿದ್ದ.

ದೊರೆಯ ಬಡಗಿ ಬಹಳ ನಿಷ್ಠೆಯವನು. ನಾಲ್ಕು ಮಿಲಿಮೀಟರ್ ಅಗಲ, ಏಳು ಮಿಲಿಮೀಟರ್ ಎತ್ತರದ ಬಾಗಿಲನ್ನು ತೇಗದಲ್ಲಿ ಕೆತ್ತಿ ಗೋಡೆಯ ಬುಡದಲ್ಲಿ ಕೂರಿಸಿದ. ಅದಕ್ಕೆ ಹೊಸ್ತಿಲಿತ್ತು, ಚಿಲಕವಿತ್ತು. ಮಾವಿನೆಲೆಯ ಚೂರೊಂದನ್ನೂ ಕಟ್ಟಿದ. ಇರುವೆಗಳು ಧಾರಾಳವಾಗಿ ಓಡಾಡಿದವು.

ಹುಚ್ಚೀರಪ್ಪ ಆ ಬಾಗಿಲಿನ ಮುಂದೆ ಅಡ್ಡಬಿದ್ದು ಅತ್ತ. ಪರಂಗಿ ಎಲೆಯ ಸಣ್ಣ ಪೊಳ್ಳು ದಂಟು ತೂರಿಸಿ ಮಗಳಿಗೆ ಗಂಜಿ ಕುಡಿಸಿದ.

"ಯಪ್ಪಾ, ಕತ್ತಲ ಐತಿ" ಅಂದಳು ಸುಂಕವ್ವ.

"ತಗೀತೀನಿ ಮಗಳ, ನಿನ್ನ ಹೊರಗ ತಗದ ತಗೀತೀನಿ."

ಬೀಗ ಬಿದ್ದ ಮೇಲೆ ದೊರೆಯ ಹೊಸ ಆಜ್ಞೆ ಬಂತು. ಗೆರೆ ಅಲ್ಲಾಡಕೂಡದು, ಜನ ಬೇಕಾದರೆ ಅಲ್ಲಾಡಲಿ. ಆದರೆ ಮೊದಲು ನಕ್ಷೆಯಲ್ಲಿ ಅಲ್ಲಾಡಲಿ. ಹಾಗಾಗಿ ಹೊಲಕ್ಕೆ ಹೋಗುವವರು, ನೀರಿಗೆ ಹೋಗುವವರು, ಕೊನೆಗೆ ಬಯಲಿಗೆ ಹೋಗುವವರೂ ಬೆಳಿಗ್ಗೆ ಬಂದು ಹುಚ್ಚೀರಪ್ಪನ ಮುಂದೆ ಸಾಲು ನಿಲ್ಲತೊಡಗಿದರು. ಅವನು ಬೊಂಬೆ ಸರಿಸಬೇಕು, ಆಮೇಲೆ ಅವರು ಹೊರಡಬೇಕು. ಅರ್ಜೆಂಟಾದವರ ಪಾಡು ಕೇಳಬೇಡಿ.

ಹುಚ್ಚೀರಪ್ಪನಿಗೆ ಜೀವ ಬಂದಂತಾಯಿತು. ಮಗಳ ಬೊಂಬೆಯನ್ನು ಹಿಡಿದು ಗೋಡೆಯಾಚೆ ಬೇವಿನ ಮರದ ಕೆಳಗೆ ಇಟ್ಟ. "ನೋಡ್ರಿ ಮಹಾರಾಜರ, ನಕ್ಷೆಯಾಗ ನನ್ನ ಮಗಳು ಹೊರಗ ಅದಾಳ. ಈಗ ಆಕೀನ್ನ ಹೊರಗ ತರಸ್ರಿ."

ದೊರೆ ನಕ್ಷೆ ನೋಡಿದ. "ಹೊರಗೇ ಇದ್ದಾಳಲ್ಲಯ್ಯಾ. ಹೊರಗಿರುವವಳನ್ನು ಹೊರಗೆ ತರುವುದು ಹೇಗೆ?"

"ಒಳಗ ಅದಾಳ್ರಿ! ದನಿ ಕೇಳತೈತಿ!"

"ಕಿವಿಯ ಮಾತು ಆಜ್ಞೆಯಲ್ಲಿಲ್ಲ. ಕಣ್ಣು ಎಂದಿದೆ. ಕಂಡಿತೇ ಯಾರಿಗಾದರೂ?"

ಸಿಪಾಯಿಯೊಬ್ಬ ಮಲಗಿ ಚಿಕ್ಕ ಬಾಗಿಲಿಗೆ ಕಣ್ಣಿಟ್ಟ. "ಕತ್ತಲೆ, ಮಹಾಪ್ರಭು."

"ಹಾಗಿದ್ದರೆ ಮನೆ ಖಾಲಿ. ಖಾಲಿ ಮನೆಗೆ ಗಂಜಿ ಹೊಯ್ಯುವುದು ದಂಡ. ಚಿಲಕ ಹಾಕಿ."

ಚಿಲಕ ಹಾಕಿದರು. ಊರವರು ಬೇವಿನ ಮರದ ಕೆಳಗಿನ ಖಾಲಿ ಜಾಗಕ್ಕೆ "ಏನವ್ವ ಸುಂಕವ್ವಾ, ಆರಾಮಾ?" ಅಂತ ಕೇಳಿ ಹೋಗತೊಡಗಿದರು. ಕೇಳದಿದ್ದರೆ ದಂಡನೆ. ಒಳಗೆ ಅವಳಿಗೆ ಗಂಜಿ ಇಲ್ಲ, ನೀರಿಲ್ಲ. ಮೊದಲ ದಿನ ಕೂಗಿದಳು. ಎರಡನೆಯ ದಿನ ಗೋಡೆ ಬಡಿದಳು. ಮೂರನೆಯ ದಿನ ಬಡಿತವೂ ಮೆತ್ತಗಾಯಿತು. ಮಗಳ ಬೊಂಬೆಯನ್ನು ಮತ್ತೆ ಒಳಗಿಟ್ಟರೆ ಗಂಜಿ ಹೋಗುತ್ತದೆ, ಸರಿ, ಆದರೆ ಸಾಯುವವರೆಗೂ ಅವಳು ಆ ಕತ್ತಲಲ್ಲೇ. ಹುಚ್ಚೀರಪ್ಪ ಯೋಚಿಸಿದ. ಕಂಡದ್ದನ್ನು ಮಾತ್ರ ತಿದ್ದುತ್ತಾರೆ ಇವರು. ಹಾಗಾದರೆ ಇವರಿಗೆ ಏನಾದರೂ ಕಾಣಬೇಕು.

ತನ್ನದೇ ಬೊಂಬೆ ಹಿಡಿದ. ಆ ಮನೆಯೊಳಗೆ ಇಟ್ಟ. ಹೋಗಿ ದೊರೆಯ ಮುಂದೆ ನಿಂತ.

ದೊರೆ ಅವನನ್ನು ನೋಡಿದ, ನಕ್ಷೆ ನೋಡಿದ, ಕೆಂಡವಾದ. "ಒಳಗಿರಬೇಕಾದವನು ಹೊರಗೆ ನಿಂತಿದ್ದಾನೆ! ಒಳಗೆ ಹಾಕಿ!"

ಒಳಗೆ ಹಾಕುವುದಕ್ಕೆ ದಾರಿ ಎಲ್ಲಿ? ಗೋಡೆ ಒಡೆದರು. ಬೆಳಕು ನುಗ್ಗಿತು. ಮೂಲೆಯಲ್ಲಿ ಒನಕೆ ಹಿಡಿದು ಕೂತಿದ್ದ ಸುಂಕವ್ವ ಎಲ್ಲರಿಗೂ ಕಂಡಳು. "ಅರೆರೆ! ಹೊರಗಿರಬೇಕಾದವಳು ಒಳಗಿದ್ದಾಳೆ!" ಅಂತ ಸಿಪಾಯಿಗಳು ಅವಳನ್ನು ದರದರ ಎಳೆದರು. ಒಬ್ಬರು ಒಳಗೆ, ಒಬ್ಬರು ಹೊರಗೆ. ಆ ಸಂದಿಯಲ್ಲಿ ಅಪ್ಪ ಮಗಳ ತಲೆ ಸವರಿದ. ಅಷ್ಟೇ ಸಿಕ್ಕಿದ್ದು.

"ಈಗ ಗೋಡೆ ಮುಚ್ಚಿ" ಅಂದ ದೊರೆ. "ಆದರೆ ಹೋದ ಸಲ ಸಿಪಾಯಿಗಳು ಕಟ್ಟಿದ್ದು ಗೇಣುದ್ದ ಸೊಟ್ಟ, ನೋಡಿ ನನಗೆ ಜ್ವರ ಬಂದಿತ್ತು. ಈ ಸಲ ಗೌಂಡಿಯೇ ಕಟ್ಟಲಿ."

ಗೌಂಡಿ ಒಳಗಿದ್ದ. ಒಳಗಿನಿಂದಲೇ ಕಟ್ಟಿದ. ಗಾರೆ ಸಡಿಲ ಮಾಡಿದರೆ ನಾಳೆ ತಳ್ಳಿ ಬರಬಹುದು ಅಂತ ಮನಸ್ಸು ಹೇಳಿತು. ಆದರೆ ಹಾಳು ಕೈ ಕೇಳಬೇಕಲ್ಲ! ಐವತ್ತು ವರ್ಷ ಗಟ್ಟಿ ಗೋಡೆ ಕಟ್ಟಿದ ಕೈ ಅದು. ನೇರ ನೋಡಲು ತೂಕದ ಗುಂಡು ಇಳಿಬಿಟ್ಟು, ದಾರ ಹಿಡಿದು, ಇಟ್ಟಿಗೆಗೆ ಇಟ್ಟಿಗೆ ಕೂರಿಸಿತು. ಕೊನೆಯ ಇಟ್ಟಿಗೆ ಇಡುವಾಗ ಮುದುಕ ಬಿಕ್ಕಿ ಬಿಕ್ಕಿ ಅತ್ತ. ಗೋಡೆ ಮಾತ್ರ ಕೂದಲೆಳೆಯಷ್ಟೂ ಸೊಟ್ಟಗಾಗಲಿಲ್ಲ. ದೊರೆ ಭೇಷ್ ಅಂದ. ಮನೆ ಈಗ ಖಾಲಿಯಲ್ಲವಲ್ಲ, ಚಿಕ್ಕ ಬಾಗಿಲಿನ ಚಿಲಕ ತೆಗೆಸಿದ.

ಬೊಂಬೆ ಸರಿಸಲು ಯಾರಾದರೂ ಬೇಕಿತ್ತು, ಸುಂಕವ್ವನನ್ನು ಕೂರಿಸಿದರು. ಅವಳು ಅಪ್ಪ ಕಟ್ಟಿಕೊಟ್ಟ ಮನೆಮನೆಗೂ ಹೋಗಿ ಬೇಡಿದಳು. "ಯಾರರ ಒಂದ ದಿನ ಒಳಗ ಹೋಗ್ರೆಪ್ಪಾ. ಅಪ್ಪನ್ನ ಹೊರಗ ತಗದು, ನಾಳಿಗೆ ನಾ ಒಳಗ ಹೋಗಿ ನಿಮ್ಮನ್ನ ಬಿಡಸ್ತೀನಿ." ಎಲ್ಲರೂ ತಂತಮ್ಮ ಕಾಲ ಬೆರಳು ನೋಡಿಕೊಂಡರು. "ಹಂಗಾರ ನಾನ ಬರ್ತೀನಿ" ಅಂತ ಚಿಕ್ಕ ಬಾಗಿಲಿಗೆ ಬಾಯಿಟ್ಟು ಹೇಳಿದಳು. "ನೀ ಬಂದರ ನಾ ಗಂಜಿ ಕುಡ್ಯಾಂಗಿಲ್ಲ" ಅಂದ ಹುಚ್ಚೀರಪ್ಪ. ಹಟಮಾರಿ ಮುದುಕ, ಅಂದಂತೆ ಮಾಡುವವನೇ.

ಇಪ್ಪತ್ತು ದಿನ ದಂಟಿನಲ್ಲಿ ಗಂಜಿ ಇಳಿಯಿತು. ಇಪ್ಪತ್ತೊಂದನೆಯ ದಿನ ಇಳಿಯಲಿಲ್ಲ.

ಸುಂಕವ್ವ ದೊರೆಯ ಬಳಿ ಹೋದಳು. "ಅಪ್ಪ ಸತ್ತ. ಮಣ್ಣು ಮಾಡಬೇಕು, ಗೋಡಿ ಒಡಸ್ರಿ."

"ನಕ್ಷೆಯಲ್ಲಿ ನಿಂತಿದ್ದಾನಲ್ಲಮ್ಮಾ" ಅಂದ ದೊರೆ. "ಕೂತಿದ್ದರೂ ಅನುಮಾನ ಪಡಬಹುದಿತ್ತು."

ಅವಳು ಬಂದು ಯಂತ್ರದ ಮುಂದೆ ಕೂತಳು. ಅಪ್ಪನ ಬೊಂಬೆಯನ್ನು ಎತ್ತಿ ಮನೆಯಿಂದ ಹೊರಗೆ ತಂದಳು, ಕೆರೆ ಏರಿಯ ಮೇಲೆ ಗಾಳಿ ಬರುವ ಕಡೆ ಇಟ್ಟಳು. ಒಮ್ಮೆ ಅವನ ಬೆನ್ನು ನೋಡೋಣ, ಮೂಟೆ ಹೊತ್ತು ಬಾಗಿದ ಬೆನ್ನು, ಅಂತ ಊರನ್ನು ತಿರುಗಿಸಿದಳು. ಬೆನ್ನು ಕಾಣಲಿಲ್ಲ. ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. ಆ ಯಂತ್ರದ ಬೊಂಬೆಗಳು ಹಾಗೆಯೇ ಅಂತೆ, ಬರೀ ಮುಂಭಾಗ. ಯಾವ ಕಡೆಯಿಂದ ನೋಡಿದರೂ ನೋಡುವವರ ಕಡೆಗೇ ಮುಖ ಮಾಡುತ್ತವೆ.

ಹೊರಗೆ ಸಾಲು ಬೆಳೆಯುತ್ತಿತ್ತು. "ಬೇಗವ್ವಾ, ಹೊಲಕ್ಕೆ ಹೊತ್ತಾಯ್ತು" ಅಂತ ಜನ ಕೂಗುತ್ತಿದ್ದರು. ಸುಂಕವ್ವ ಅಂದು ಯಾರನ್ನೂ ಸರಿಸಲಿಲ್ಲ. ಊರನ್ನು ಸುತ್ತ ತಿರುಗಿಸುತ್ತಲೇ ಇದ್ದಳು, ಅಪ್ಪ ಅವಳನ್ನು ನೋಡುತ್ತಲೇ ಇದ್ದ.

ನೀತಿ ಬೇಕೇನು? ತಗೊಳ್ಳಿ. ಮೊದಲು ಬಾಗಿಲು ಬರೆಯಿರಿ, ಪೂಜೆ ಆಮೇಲೆ ಮಾಡಿದರೆ ದೇವರೇನೂ ಸಿಟ್ಟಾಗುವುದಿಲ್ಲ. ನಾನು ಹೇಳಿದ್ದು ಇಷ್ಟು, ನೀವು ಕೇಳಿದ್ದು ಅಷ್ಟೇ. ಇನ್ನು ಎದ್ದು ಊಟ ಮಾಡಿ.